ಎತ್ತಿ ಎಳೆಯಬೇಕು

ವ್ಯಾನು ಮಾರಿದ ದಿನ ವಿಮಲಾ ಟೀಚರು
ಕೀಲಿಯ ಜೊತೆ ಒಂದು ಮಾತನ್ನೂ ಕೊಟ್ಟಿದ್ದರು:
ಬಲಗಡೆ ಬಾಗಿಲು, ಸ್ವಲ್ಪ ಎತ್ತಿ ಎಳೆಯಬೇಕು.
ಎಷ್ಟು ಎತ್ತಬೇಕೆಂದು ಹೇಳಲಿಲ್ಲ.
ಕಾವಲಿಗೆ ಹಿಡಿದ ದೋಸೆಯ ಅಂಚಿಗೆ
ಮಗುಚುವ ಕೈ ಎಷ್ಟು ಒತ್ತಬೇಕೆಂದು
ಯಾರು ಯಾರಿಗೆ ಹೇಳಿಕೊಟ್ಟಿದ್ದಾರೆ?

ಹತ್ತು ತಿಂಗಳು ಮಾತು ಕೇಳಿತು.
ಜೂನಿನಲ್ಲಿ ಶಮಾಲ್ ಗಾಳಿ
ಮೂರು ದಿನ ಮರಳು ತೂರಿ ಹೋದ ಮೇಲೆ
ಅರ್ಧ ದಾರಿಗೆ ಬಂದು, ಕೀಂಯ್ ಎಂದು ಯೋಚಿಸಿ,
ಹಿಂದಕ್ಕೆ ಹೋಗತೊಡಗಿತು.
ನಡುವೆ ಯಾರದೋ ಬೆರಳಿದೆಯೆಂದು ಅದರ ಅನುಮಾನ.
ಯಾರೂ ಇಲ್ಲ ಮಾರಾಯ, ಮುಚ್ಚಿಕೋ ಎಂದರೆ
ಬೀಪ್, ಬೀಪ್.

ಗುದೈಬಿಯಾದಿಂದ ಈಸಾ ಟೌನಿನ ಶಾಲೆಗೆ
ನನ್ನದು ಕಾರ್‌ಲಿಫ್ಟು.
ಏಳು ಮಕ್ಕಳು, ಎರಡು ನನ್ನವು.
ಈ ದೇಶದಲ್ಲಿ ಫುಟ್‌ಪಾತು ಇರುವುದು ಬಲಕ್ಕೆ,
ತೆರೆಯುವ ಬಾಗಿಲು ಉಳಿದದ್ದು ಎಡಕ್ಕೆ.
ಹಾಗಾಗಿ ದಿನವೂ ನಾನು ಇಳಿದು
ರಸ್ತೆಯ ಮೇಲೆ ಕೈ ಚಾಚಿ ಗೋಡೆಯಾಗುತ್ತೇನೆ,
ನನ್ನ ಬೆನ್ನ ಹಿಂದೆ ಏಳು ಬ್ಯಾಗುಗಳು ಸಾಲಾಗಿ ದಾಟುತ್ತವೆ.
ಹಾರ್ನು ಹೊಡೆದ ಬಿಳಿ ಲ್ಯಾಂಡ್‌ಕ್ರೂಸರಿಗೆ
ಫಿದಾ ನಾಲಗೆ ಚಾಚಿದಳು.
ಬೈಯಬೇಕಿತ್ತು. ಬೈಯಲಿಲ್ಲ.

ರಾತ್ರಿ ಪಾಳಿ ಮುಗಿಸಿ ಬಂದ ಶೇಷಗಿರಿ
ಊರಿಗೆ ಹೋಗುವ ಪೆಟ್ಟಿಗೆಗೆ ಸುತ್ತುವ ನೈಲಾನು ಹಗ್ಗದಿಂದ
ಬಾಗಿಲನ್ನು ಸೀಟಿಗೆ ಬಿಗಿದರು.
ನಮ್ಮ ಹೆಸರು, ಫೋನ್ ನಂಬರು
ಮಾರ್ಕರಿನಲ್ಲಿ ಬರೆಯುವುದೊಂದು ಬಾಕಿ.
ಶೋರೂಮಿನವನು ಹೇಳಿದ್ದು ಇನ್ನೂರ ಎಂಬತ್ತು ದಿನಾರು,
ಮೋಟರು, ಕೇಬಲ್ಲು, ಕೂಲಿ ಸೇರಿ.
ರೂಪಾಯಿಗೆ ಗುಣಿಸಬೇಡ ಎಂದರು ಇವರು.
ಅಷ್ಟರಲ್ಲಿ ಗುಣಿಸಿಯಾಗಿತ್ತು.

ಸಲ್ಮಾಬಾದಿನ ಗ್ಯಾರೇಜಿನಲ್ಲಿ ಗುಲ್ ಜಮಾನ್
ಬಕೆಟ್ಟು ಬೋರಲು ಹಾಕಿ ಕೂತು
ಬಾಗಿಲಿಗೆ ಕಿವಿ ಕೊಟ್ಟ.
ಅವನ ಹಿಂದಿಯೂ ಹರಕು, ನನ್ನದೂ ಹರಕು.
ಮೋಟರು ಚೆನ್ನಾಗಿದೆ, ಇದರ ಹೊಟ್ಟೆ ಕೆಟ್ಟಿದೆ ಅಂದ.
ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ ಬಟ್ಟಲು,
ಕೆಳಗೆ ಹಾಸಿದ ಮಲಯಾಳಂ ಪೇಪರು.
ಹಳಿಯಿಂದ ಒಂದೊಂದೇ ಉದುರಿದವು:
ಖರ್ಜೂರದ ಬೀಜ, ಬಿಸ್ಕತ್ತಿನ ಪುಡಿ, ಪೆನ್ಸಿಲಿನ ಮೊನೆ,
ಐವತ್ತು ಫಿಲ್ಸಿನ ನಾಣ್ಯ, ಮತ್ತೆ ಮರಳು,
ಮರಳು, ನಾನು ದಿನಾ ಗುಡಿಸಿಯೂ ಇದ್ದ ಮರಳು.
ಸವೆದ ಗಾಲಿ ಒಂದು ಬದಿ ಕಚ್ಚಿಟ್ಟ ನಿಪ್ಪಟ್ಟಿನ ಹಾಗಿತ್ತು.
ಮೂತಿ ಜಜ್ಜಿ ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದು ವ್ಯಾನಿನಿಂದ
ಒಂದನ್ನು ಬಿಚ್ಚಿ ತಂದ.
ಹದಿನೆಂಟು ದಿನಾರು. ಚಹಾ ಅವನದೇ.

ಕೊನೆಗೆ ಎಣ್ಣೆಗೈಯಲ್ಲೇ ಏನನ್ನೋ
ನೆಲಕ್ಕೆ ಉಜ್ಜಿ ನೋಡಿ,
ಸೋನಾ ಹೈ, ಎಂದು ನನ್ನ ಅಂಗೈಯಲ್ಲಿಟ್ಟ.
ಓಲೆಯ ತಿರುಪು. ಒಂದೇ.
ನನ್ನದಲ್ಲ, ನಾನು ಹಾಕುವುದು ಕೊಕ್ಕೆಯದು.
ಫೋಟೊ ತೆಗೆದು ಟೀಚರಿಗೆ ಕಳಿಸಿದೆ.
ಎರಡು ದಿನ ಬಿಟ್ಟು ಉತ್ತರ ಬಂತು:
ನಂದಲ್ಲಮ್ಮ. ಸೂಸಮ್ಮನದಿರಬೇಕು,
ನಮಗೆ ವ್ಯಾನು ಕೊಟ್ಟವರು.
ಈಗ ಎಲ್ಲಿದ್ದಾರೋ ಗೊತ್ತಿಲ್ಲ.
ಎತ್ತಿ ಎಳೆಯಬೇಕು ಅಂತ ನನಗೆ ಹೇಳಿದ್ದೂ ಅವರೇ.

ಗೇರಿನ ಪಕ್ಕದ ಚಿಲ್ಲರೆ ಗುಂಡಿಯಲ್ಲಿ
ನಾಣ್ಯಗಳ ನಡುವೆ ಅದನ್ನು ಇಟ್ಟಿದ್ದೇನೆ.
ತಿರುವುಗಳಲ್ಲಿ ಸಣ್ಣಗೆ ಸದ್ದು ಮಾಡುತ್ತದೆ.

ಬಾಗಿಲು ಈಗ ಬೆಣ್ಣೆ.
ಕೈ ಮಾತ್ರ ಹಳೆಯದೇ,
ಎತ್ತಿ ಎಳೆಯುತ್ತದೆ, ಧಡ್ ಎಂದು ಬಡಿಯುತ್ತದೆ.
ಬೆಳಿಗ್ಗೆ ಶಾಲೆಯ ಮುಂದೆ ಬಲಗಡೆ ತೆರೆದು ನಿಂತೆ.
ಯಾರೂ ಇಳಿಯಲಿಲ್ಲ.
ಏಳೂ ಮಕ್ಕಳು ಎಡಗಡೆಯ ಬಾಗಿಲಲ್ಲಿ ಸಾಲುಗಟ್ಟಿ,
ಆಂಟಿ ಎಲ್ಲಿ ಹೋದಿರಿ,
ಗೋಡೆ ಎಲ್ಲಿ, ಎಂದು ಕೂಗುತ್ತಿದ್ದವು.